ಆರನೆಯ ಸಾಲಿನ ಉಸಿರು

ಹನುಮಗಿರಿ ಬಡಾವಣೆಯ ವಾಚನ ಮಂದಿರದಲ್ಲಿ ಶನಿವಾರ ಸಂಜೆ ಕಾವ್ಯ ಶುರುವಾಗುವ ಮೊದಲು ಸೇವಾಕರ್ತರ ಹೆಸರು ಓದುವುದು ರೂಢಿ. ಹೂವು ಇಂಥವರದು, ದೀಪದ ಎಣ್ಣೆ ಇಂಥವರದು, ಪಾನಕ ಕೋಸಂಬರಿ ಇಂಥವರದು. ಹೆಸರು ಕರೆದಾಗ ಆ ಮನೆಯವರು ಎದ್ದು ನಿಲ್ಲಬೇಕು. ಗಮಕಿ ನಂಜುಂಡಾರಾಧ್ಯರು ಪೀಠದಿಂದಲೇ ಕೈಚಾಚಿ ಒಂದು ಹೂವು ಕೊಟ್ಟು "ಕೂತ್ಕೊಳ್ಳಿ" ಎಂದ ಮೇಲೆಯೇ ಕೂರುವುದು. ಅವರು ಹೇಳುವ ತನಕ ನಿಂತೇ ಇರಬೇಕು, ಚಿಕ್ಕವರಾಗಲಿ, ದೊಡ್ಡವರಾಗಲಿ.

ಎಲ್ಲರ ಹೆಸರೂ ಮುಗಿದ ಮೇಲೆ ಮಂದಿರದ ಕಾರ್ಯದರ್ಶಿ ಶ್ರೀಕಂಠಯ್ಯನವರು ಕನ್ನಡಕ ಸರಿಮಾಡಿಕೊಂಡು, ಸ್ವಲ್ಪ ಹೆಮ್ಮೆಯಿಂದಲೇ ಓದುತ್ತಿದ್ದರು: "ವಾಯುಸೇವೆ, ನಮ್ಮ ಸೊಸೆ ಮೇದಿನಿ."

ಮೇದಿನಿ ಎದ್ದು ನಿಂತಳು. ಆರಾಧ್ಯರು ಸೇವಂತಿಗೆ ಹೂವೊಂದನ್ನು ಕೊಟ್ಟು, "ಕೂತ್ಕೊಳ್ಳಿ ತಾಯಿ. ನಿಮ್ಮ ಪುಣ್ಯದಿಂದ ಇಲ್ಲಿ ಉಸಿರಾಡ್ತಿದ್ದೀನಿ" ಎಂದರು. ಅವಳು ಹೂವನ್ನು ಕಣ್ಣಿಗೊತ್ತಿಕೊಂಡು ಕೂತಳು.

ಈ ವಾಯುಸೇವೆ ಸೇರಿದ್ದು ಈಚೆಗೆ. ಬೆಂಗಳೂರಿನ ಬೀದಿಬೀದಿಗಳಲ್ಲಿ ವಿದ್ಯುತ್ ಕಂಬಗಳಿಗಿಂತ ಎತ್ತರದ ಗಾಳಿಗಂಬಗಳು ಎದ್ದು ನಿಂತ ಮೇಲೆ. ಕಂಬದ ತುದಿಯಲ್ಲಿ ಮುಳ್ಳುಹಂದಿಯ ಬೆನ್ನಿನಂಥ ತಂತಿಗಳು. ಅವುಗಳಿಂದ ಹೊರಡುವ ವಿದ್ಯುತ್ತು ಗಾಳಿಯಲ್ಲಿ ತೇಲುವ ಕಣಗಳಿಗೆ ಅಂಟಿಕೊಳ್ಳುತ್ತದೆ. ಕೂದಲೆಳೆಯ ದಪ್ಪದ ಮುಂದೆ ಏನೂ ಅಲ್ಲದ ಕಣಗಳು. ಡೀಸೆಲ್ಲಿನ ಮಸಿ, ಸುಟ್ಟ ಕಸದ ಹೊಗೆ, ಟೈರು ಸವೆದ ಪುಡಿ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ನೇರ ಶ್ವಾಸಕೋಶದ ತಳಕ್ಕೆ ಇಳಿದು ಕೂರುವಂಥವು. ವಿದ್ಯುತ್ತನ್ನು ಹೊತ್ತ ಕಣವನ್ನು ಒಂದು ಕಂಬ ತಳ್ಳುತ್ತದೆ, ಮುಂದಿನದು ಸೆಳೆಯುತ್ತದೆ. ಹೀಗೆ ಕುರಿಮಂದೆಯನ್ನು ಅಟ್ಟಿದ ಹಾಗೆ ಬೀದಿಯಿಂದ ಬೀದಿಗೆ ಅಟ್ಟಿ, ಊರಾಚೆ ನಿಲ್ಲಿಸಿದ ಲೋಹದ ತಟ್ಟೆಗಳಿಗೆ ಹಿಡಿಸಿಬಿಡಬಹುದು. ತಟ್ಟೆಗಳು ತುಂಬಿದ್ದರೆ ಮಂದೆಯನ್ನು ಎಲ್ಲಾದರೂ ಇಳಿಸಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಹೇಳಿಕೊಟ್ಟಿರುತ್ತಾರೆ: ಧೂಳನ್ನು ಕೊಲ್ಲಲಾಗದು, ಓಡಿಸಬಹುದು ಅಷ್ಟೇ. ಮೇದಿನಿ ಗಾಳಿಗಂಬಗಳ ನಿಯಂತ್ರಣ ಕೊಠಡಿಯಲ್ಲಿ ಹಿರಿಯ ಎಂಜಿನಿಯರು.

ಮಂತ್ರಿಗಳು ಬಂದಾಗ, ದೊಡ್ಡ ಪಂದ್ಯಗಳಿದ್ದಾಗ, ಸಾರ್ವಜನಿಕ ಸಮಾರಂಭಗಳಿದ್ದಾಗ ಒಂದು ಬಡಾವಣೆಯ ಗಾಳಿಯನ್ನು ಕೆಲಹೊತ್ತು ಹೆಚ್ಚು ಶುದ್ಧ ಮಾಡಿಕೊಡಲು ನಿಯಮದಲ್ಲಿ ಅವಕಾಶವಿತ್ತು. ಹಿರಿಯ ಎಂಜಿನಿಯರುಗಳು ತಮ್ಮ ವಿವೇಚನೆಯಿಂದ ಅದನ್ನು ಕೊಡಬಹುದಿತ್ತು. ಆರಾಧ್ಯರು ಒಮ್ಮೆ ವಾಚನದ ನಡುವೆ ಕೆಮ್ಮು ತಡೆಯಲಾರದೆ ನೀರು ಕೇಳಿದ್ದನ್ನು ಮೇದಿನಿ ನೋಡಿದ್ದಳು. ಅವಳು ಕಿವಿಯಿಂದ ಬೆಳೆದ ಹುಡುಗಿ. ಅಕ್ಷರ ಕಲಿಯುವ ಮೊದಲೇ ಅಜ್ಜಿಯ ಮಗ್ಗುಲಲ್ಲಿ ಮಲಗಿ ಷಟ್ಪದಿಗಳನ್ನು ಕೇಳಿದವಳು. ದೇವರು ಇದ್ದಾನೆ ಎಂದು ಅವಳಿಗೆ ಅನ್ನಿಸಿದ್ದು ಗುಡಿಯಲ್ಲಿ ಅಲ್ಲ, ಆ ಪದ್ಯಗಳ ನಡಿಗೆಯಲ್ಲಿ. ಹೂವು, ಎಣ್ಣೆ ಯಾರು ಬೇಕಾದರೂ ಕೊಡುತ್ತಾರೆ. ತಾನು ಗಾಳಿಯನ್ನೇ ಕೊಡಬಲ್ಲೆ ಎಂದುಕೊಂಡಳು. ಅಂದಿನಿಂದ ಪ್ರತಿ ಶನಿವಾರ ಸಂಜೆ ಹನುಮಗಿರಿಯ ಮೇಲೆ ಮಳೆ ನಿಂತ ಮಾರನೆಯ ಬೆಳಗಿನಂಥ ಗಾಳಿ.

ಆರಾಧ್ಯರು ಕಾವ್ಯ ಎತ್ತಿಕೊಂಡರು. ಅರಮನೆ ಬಿಟ್ಟು ಕಾಡಿಗೆ ಹೊರಟವರ ಭಾಗ. ಷಟ್ಪದಿಯಲ್ಲಿ ಎರಡು ಗಿಡ್ಡ ಸಾಲು, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಆ ಕೊನೆಯ ಉದ್ದದ ಸಾಲನ್ನು, ಆರನೆಯದನ್ನು, ಆರಾಧ್ಯರ ಮನೆತನದವರು ಒಂದೇ ಉಸಿರಲ್ಲಿ ಹೇಳುತ್ತಿದ್ದರು. ಉಸಿರು ಮುಗಿದೇ ಹೋಯಿತು ಎನ್ನುವಲ್ಲಿಗೆ ಸಾಲಿನ ಕೊನೆಯ ಮಾತು ಬರುತ್ತಿತ್ತು, ಆ ಮಾತಿಗೆ ಮಂದಿರದಲ್ಲಿ ಕೂತವರೆಲ್ಲ ಮೆಲ್ಲಗೆ ದನಿಗೂಡಿಸುತ್ತಿದ್ದರು. ಗಮಕಿಯ ಉಸಿರು ಮುಗಿಯುವಲ್ಲಿ ಕೇಳುವವರ ಉಸಿರು ಶುರುವಾಗಬೇಕು ಎಂಬುದು ಹನುಮಗಿರಿಯವರ ಪದ್ಧತಿ.

ಮುಗಿದ ಮೇಲೆ ಶ್ರೀಕಂಠಯ್ಯ ಕೇಳಿದರು: "ಏನ್ ಸ್ವಾಮಿ, ಮುಂದಿನ ವಾರ ಮಗಳನ್ನ ಪೀಠದ ಮೇಲೆ ಕೂರಿಸ್ತೀನಿ ಅಂದಿದ್ರಿ. ನಾವೆಲ್ಲ ಕಿವಿ ತೊಳ್ಕೊಂಡು ಕಾಯ್ತಿದ್ದೀವಿ."

"ಉಮಾಕ್ಷಿಗೆ ಸ್ವಲ್ಪ ಉಸಿರಿನ ತೊಂದರೆ," ಆರಾಧ್ಯರು ಶಲ್ಯ ಮಡಿಸುತ್ತ ಹೇಳಿದರು. "ಬರ್ತಾಳೆ. ಹಟಮಾರಿ ಅವಳು."

"ನಾಳೆ ಹೋಗಿ ಪ್ರಸಾದ ಕೊಟ್ಟು ಬಾಮ್ಮ," ಎಂದು ಶ್ರೀಕಂಠಯ್ಯ ಸೊಸೆಗೆ ಹೇಳಿದರು.

ಆರಾಧ್ಯರ ಮನೆ ಸೋಮನಕುಂಟೆಯಲ್ಲಿ. ಹಿಂದೆ ಕೆರೆಯಂಗಳವಾಗಿದ್ದ ತಗ್ಗಿನ ಜಾಗ. ಈಗ ಒಂದರ ಹೆಗಲಿಗೊಂದು ಒರಗಿದ ಮನೆಗಳು. ಮೇದಿನಿ ಬೀದಿಗೆ ಕಾಲಿಟ್ಟಾಗ ಅಲ್ಲಿನವರೆಲ್ಲ ಏನನ್ನಾದರೂ ಒರೆಸುತ್ತಿದ್ದರು. ಕಿಟಕಿ, ಸ್ಕೂಟರಿನ ಸೀಟು, ನೀರಿನ ಡ್ರಮ್ಮಿನ ಮುಚ್ಚಳ. ಆರಾಧ್ಯರ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ತುಳಸಿಯ ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ, ಮಗುವಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದಳು.

"ಹಬ್ಬದ ತಯಾರೀನಾ?" ಮೇದಿನಿ ನಗುತ್ತ ಕೇಳಿದಳು.

"ಹೂಂ ಕಣಮ್ಮ, ವಾರಾ ವಾರಾ ಬರೋ ಹಬ್ಬ. ಶನಿವಾರ ಬೀಳೋದು, ಭಾನುವಾರ ಒರೆಸೋದು."

"ಶನಿವಾರ ಏನು ಬೀಳುತ್ತೆ?"

"ಕಪ್ಪು. ಕಾಡಿಗೆ ಉದುರಿಸ್ದಂಗೆ. ನವಗ್ರಹ ಸುತ್ತಿದ್ದಾಯ್ತು, ಎಳ್ಳುಬತ್ತಿ ಹಚ್ಚಿದ್ದಾಯ್ತು. ನಮ್ಮ ಯಜಮಾನ್ರು ಅಂತಾರೆ, ಬೇರೆ ಬೀದಿಯವರ ಹೆಗಲೇರೋಕೆ ಶನಿದೇವರು ಜಾತಕ ನೋಡ್ತಾನೆ, ನಮ್ಮ ಬೀದಿಗೆ ಸೀದಾ ಬಸ್ ಹತ್ತಿ ಬರ್ತಾನೆ ಅಂತ."

ಮೇದಿನಿ ನಕ್ಕಳು. ನಗು ಅರ್ಧದಲ್ಲಿ ನಿಂತಿತು. ಶನಿವಾರ ಎಂಬ ಮಾತು ಅವಳ ಕಿವಿಯೊಳಗೆ ಹೋಗಿ, ಕೂರಲು ಜಾಗ ಹುಡುಕುತ್ತಿತ್ತು.

ಉಮಾಕ್ಷಿ ಒಳಗಿನಿಂದ ಕರೆದಳು. ತೆಳ್ಳನೆಯ ಹುಡುಗಿ, ಕಾಲೇಜಿನ ಕೊನೆಯ ವರ್ಷ. ಒಂದೇ ಕೋಣೆಯ ಮನೆ. ಕಿಟಕಿಗೆ ಒದ್ದೆ ಪಂಚೆ ಕಟ್ಟಿತ್ತು. ಆರಾಧ್ಯರು ಪಾಠ ಹೇಳಲು ಹೊರಗೆ ಹೋಗಿದ್ದರು. ಅವಳು ಕಾಫಿಯ ಲೋಟದ ಮೇಲೆ ತಟ್ಟೆ ಮುಚ್ಚಿ ತಂದಳು.

"ಮುಚ್ಚಿಕೊಂಡೇ ಕುಡೀರಿ ಅಕ್ಕ. ನಮ್ಮನೇಲಿ ಕಾಫಿಗೂ ಮುಸುಕು," ಎಂದಳು. ಅಷ್ಟು ಹೇಳುವುದಕ್ಕೆ ಎರಡು ಸಲ ನಿಂತಳು.

"ಡಾಕ್ಟರು ಏನಂದ್ರು?"

"ಒಳಗೆ ಹೋಗಿ ಕೂತಿದ್ಯಂತೆ. ಕೆಮ್ಮಿದ್ರೆ ಬರೋದಲ್ಲವಂತೆ. ಓಡಾಡೋಕೆ, ಮಾತಾಡೋಕೆ ಏನೂ ತೊಂದರೆ ಇಲ್ಲ ಅಂದ್ರು. ಉದ್ದ ಉಸಿರು ಮಾತ್ರ..." ಅವಳು ಕೈಯನ್ನು ಗಾಳಿಯಲ್ಲಿ ಎಳೆದು, ನಡುವೆ ಬೆರಳು ಮಡಚಿದಳು. "ಮೂರನೇ ಸಾಲು ಹೇಗೋ ದಾಟ್ತೀನಿ. ಆರನೇದು ಕಾಲು ಜಾರಿಸುತ್ತೆ."

"ಎಷ್ಟು ಸಮಯದಿಂದ?"

"ಮೊನ್ನೆ ದೀಪಾವಳಿ ಆದ್ಮೇಲೆ. ವಿಚಿತ್ರ ಏನು ಗೊತ್ತಾ, ನಾನು ಈ ವರ್ಷ ಮಾಡಿದಷ್ಟು ಅಭ್ಯಾಸ ಯಾವತ್ತೂ ಮಾಡಿಲ್ಲ. ಶನಿವಾರ ಅಪ್ಪ ನಿಮ್ಮ ಮಂದಿರದಲ್ಲಿ ಶುರು ಮಾಡೋ ಹೊತ್ತಿಗೆ ನಾನು ತಾರಸಿ ಮೇಲೆ ಹೋಗಿ ಕೂರ್ತೀನಿ. ಅವರು ಯಾವ ಪದ್ಯ ಹೇಳ್ತಾರೆ ಅಂತ ಮೊದಲೇ ಕೇಳಿಟ್ಕೊಂಡಿರ್ತೀನಿ. ಅವರು ಅಲ್ಲಿ, ನಾನು ಇಲ್ಲಿ. ಅದೇ ಹೊತ್ತು, ಅದೇ ಪದ್ಯ."

"ಮನೆ ಒಳಗೆ ಹೇಳಬಾರದಾ?"

"ಗೋಡೆ ಆಚೆ ಪುಟ್ಟಲಕ್ಷ್ಮಮ್ಮನ ಮೊಮ್ಮಗು ಮಲಗಿರುತ್ತೆ. ಆರನೇ ಸಾಲಿಗೆ ಎದ್ದು ಅದೂ ದನಿಗೂಡಿಸುತ್ತೆ." ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ತುಂಬ ಹೊತ್ತು ಇತ್ತು.

ಮೇದಿನಿಗೆ ಲೆಕ್ಕ ಬೇಕಾಗಲಿಲ್ಲ. ಗಮಕ ಹೇಳುವವರು ಮಾತಾಡುವವರ ಹಾಗೆ ಉಸಿರಾಡುವುದಿಲ್ಲ. ಹೊಟ್ಟೆಯ ತಳದ ತನಕ ಗಾಳಿ ತುಂಬಿಕೊಳ್ಳುತ್ತಾರೆ. ಪಕ್ಕದ ಮನೆಯವರೆಲ್ಲ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ, ಆಕಾಶದ ಕೆಳಗೆ ಕೂತು, ಪ್ರತಿ ಪದ್ಯಕ್ಕೂ ಎದೆ ತುಂಬ.

"ದೂರು ಕೊಡಬಾರದಿತ್ತಾ, ಉಮಾಕ್ಷಿ?"

"ಯಾರ ಮೇಲೆ ಅಕ್ಕ? ಶನಿದೇವರ ಮೇಲಾ?" ಬಾಗಿಲ ತನಕ ಬಂದವಳು ಮತ್ತೆ ಹೇಳಿದಳು: "ಅಪ್ಪ ವಾರವೆಲ್ಲ ನಿಮ್ಮನ್ನ ನೆನೆಸ್ತಾರೆ. ಅಲ್ಲಿನ ಗಾಳೀಲಿ ಕೂತರೆ ಹತ್ತು ವರ್ಷ ಚಿಕ್ಕವನಾಗ್ತೀನಿ ಅಂತಾರೆ. ನಾನು ಬಂದ ದಿನ ನಂಗೂ ಸ್ವಲ್ಪ ಹಾಕಿಕೊಡಿ."

ಮೇದಿನಿ ಚಪ್ಪಲಿ ಮೆಟ್ಟಿಕೊಂಡಳು. ಆಗಲೇ ಹೇಳಬಹುದಿತ್ತು. ಬೀದಿಯ ಕೊನೆಯಲ್ಲಿ ಗಾಳಿಗಂಬವೊಂದು ನಿಂತಿತ್ತು. ಅದರ ಕೆಳಗೆ ತಲೆ ತಗ್ಗಿಸಿಕೊಂಡು ಹಾದುಹೋದಳು.

ಸೋಮವಾರ ನಿಯಂತ್ರಣ ಕೊಠಡಿಯಲ್ಲಿ ಅವಳ ಸಹೋದ್ಯೋಗಿ ಇಮ್ತಿಯಾಜ್ ಎಂದಿನಂತೆ ಖರ್ಜೂರದ ಡಬ್ಬಿ ತೆರೆದಿಟ್ಟುಕೊಂಡು ಕೂತಿದ್ದ. ಗೋಡೆಯಗಲದ ಪರದೆಯ ಮೇಲೆ ಊರು. ಶುದ್ಧವಿದ್ದ ಕಡೆ ಎಳೆಹಸಿರು, ಇಲ್ಲದ ಕಡೆ ಕಂದು.

"ಇಮ್ತಿಯಾಜ್, ವಿಶೇಷ ಸಮಾರಂಭ ಅಂತ ಕೊಟ್ಟಾಗ ಅಲ್ಲಿನ ಧೂಳು ಎಲ್ಲಿಗೆ ಹೋಗುತ್ತೆ?"

"ತಟ್ಟೆಗೆ."

"ತಟ್ಟೆ ತುಂಬಿದ್ರೆ?"

ಅವನು ತಿರುಗಿ ನೋಡಿದ. "ಏನ್ ಮೇಡಂ, ಪರೀಕ್ಷೇನಾ? ಸಂಜೆ ಹೊತ್ತು ತಟ್ಟೆ ಯಾವತ್ತು ಖಾಲಿ ಇರುತ್ತೆ? ಕಂಪ್ಯೂಟರ್ ಎಲ್ಲಾದ್ರೂ ಇಳಿಸುತ್ತೆ. ಜಾಗ ಅದೇ ಆರಿಸ್ಕೊಳ್ಳುತ್ತೆ."

"ಹೇಗೆ ಆರಿಸ್ಕೊಳ್ಳುತ್ತೆ?"

"ತಗ್ಗಿರಬೇಕು. ಹತ್ತಿರ ಆಸ್ಪತ್ರೆ ಇರಬಾರದು. ಮತ್ತೆ..." ಅವನು ಖರ್ಜೂರದ ಬೀಜವನ್ನು ಕಾಗದದಲ್ಲಿ ಸುತ್ತಿದ. "ದೂರು ಬರದ ಕಡೆ. ದೂರು ಬಂದ್ರೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತೆ. ಯಾರು ಸುಮ್ನಿರ್ತಾರೋ ಅಲ್ಲೇ ಮತ್ತೆ ಮತ್ತೆ."

"ಕಳೆದ ಶನಿವಾರದ್ದು ತೋರಿಸು. ಹನುಮಗಿರಿದು."

ಪರದೆಯ ಮೇಲೆ ಶನಿವಾರದ ಸಂಜೆ ಮರಳಿ ನಡೆಯಿತು. ಹನುಮಗಿರಿ ಹಸಿರಾಗುತ್ತ, ಇನ್ನೂ ಹಸಿರಾಗುತ್ತ ಬಂತು. ಅದರ ಅಂಚಿನಿಂದ ಕಂದು ಎಳೆಯೊಂದು ಬಿಚ್ಚಿಕೊಂಡು, ರಸ್ತೆ ದಾಟಿ, ರೈಲುಹಳಿ ದಾಟಿ, ತಗ್ಗಿನಲ್ಲಿ ಸುರುಳಿ ಸುತ್ತಿ ಕೂತಿತು. ಸೋಮನಕುಂಟೆ ಎಂದು ಹೆಸರು ಓದುವ ಅಗತ್ಯವಿರಲಿಲ್ಲ. ಇಮ್ತಿಯಾಜ್ ಅದರ ಹಿಂದಿನ ವಾರದ್ದು ಹಾಕಿದ. ಅದರ ಹಿಂದಿನದು. ಕಂದು ಎಳೆ ಪ್ರತಿ ಸಲವೂ ದಾರಿ ಗೊತ್ತಿದ್ದ ದನದ ಹಾಗೆ ಅಲ್ಲಿಗೇ ಹೋಯಿತು.

ಮೇದಿನಿಯ ಮನಸ್ಸಿಗೆ ಮೊದಲು ಬಂದದ್ದು ಉಮಾಕ್ಷಿ ಅಲ್ಲ. ಅನುಮತಿ ಕೊಟ್ಟವರ ಹೆಸರು ಪರದೆಯಲ್ಲಿ ಕಾಣುತ್ತದೆಯೇ ಎಂದು ಕಣ್ಣು ಮೂಲೆಯತ್ತ ಹೋಯಿತು. ಹೋದದ್ದು ಅವಳಿಗೇ ತಿಳಿಯಿತು. ಕೆನ್ನೆ ಕಿವಿ ಎಲ್ಲ ಬಿಸಿಯಾದವು.

"ನೀವೊಬ್ಬರೇ ಏನಲ್ಲ," ಇಮ್ತಿಯಾಜ್ ದನಿ ತಗ್ಗಿಸಿದ. "ನಮ್ಮ ಅಕ್ಕನ ಮಗಳ ನಿಕಾಹ್‌ಗೆ ನಾನೂ ಹಾಕಿಸಿದ್ದೆ. ಎಲ್ಲಿ ಇಳೀತು ಅಂತ ನೋಡಲೇ ಇಲ್ಲ." ಡಬ್ಬಿಯನ್ನು ಅವಳ ಕಡೆ ತಳ್ಳಿ, ಯಾಕೋ ಮತ್ತೆ ತನ್ನ ಕಡೆಗೇ ಎಳೆದುಕೊಂಡ. "ನೋಡಬೇಕು ಅಂತ ಅನ್ನಿಸಲೂ ಇಲ್ಲ."

ಅವಳು ಹನುಮಗಿರಿಯ ಶನಿವಾರದ ಅನುಮತಿಯನ್ನು ಅಳಿಸಿದಳು. ಬೆರಳಿನ ಒಂದು ತಟ್ಟು. ಕೊಡುವಾಗಲೂ ಅಷ್ಟೇ ಇತ್ತು. ದೂರನ್ನು ನೋಡಿ ಜಾಗ ಆರಿಸುವ ನಿಯಮವನ್ನು ತೆಗೆಯಬೇಕೆಂದು ಮೇಲಿನವರಿಗೆ ಬರೆದಳು. ಸಂಜೆಯೊಳಗೆ ಉತ್ತರ ಬಂತು: ಪರಿಶೀಲಿಸಲಾಗುವುದು. ಪರದೆಯ ಮೇಲೆ ಆಗಲೇ ಬೇರೆ ಯಾವುದೋ ಬಡಾವಣೆಯಿಂದ ಹೊರಟ ಕಂದು ಎಳೆ ಸೋಮನಕುಂಟೆಯ ದಾರಿ ಹಿಡಿದಿತ್ತು. ಇಮ್ತಿಯಾಜ್ ಅದನ್ನು ಕೈಯಿಂದಲೇ ತಿರುಗಿಸಿ ತುಂಬಿದ ತಟ್ಟೆಗಳ ಸುತ್ತ ಸುತ್ತಾಡಿಸುತ್ತ ಕೂತ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕೂತು ಮಂದಿರದ ದೀಪಗಳಿಗೆ ಹೂಬತ್ತಿ ಹೊಸೆಯುತ್ತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಶ್ರೀಕಂಠಯ್ಯನವರ ಬೆರಳು ನಿಂತಿತು.

"ನಿಲ್ಲಿಸಿದ್ಯಾ?"

"ನಿಲ್ಲಿಸಿದೆ."

"ಸರಿ ಹಾಗಾದ್ರೆ." ಹತ್ತಿಯನ್ನು ಮತ್ತೆ ಎಳೆದರು. "ಇನ್ನು ಹೇಳೋದೇನಿದೆ? ಸುಮ್ನೆ ಆ ಮನುಷ್ಯನ ಮನಸ್ಸು ಯಾಕೆ ಕೆಡಿಸ್ತೀಯ? ಗೊತ್ತಿದ್ದು ಮಾಡಿದ್ದಲ್ಲವಲ್ಲ."

"ಅವರು ವಾರಾ ವಾರಾ ಹೂವು ಕೊಟ್ಟರು ಮಾವ. ನಿಮ್ಮ ಪುಣ್ಯ ಅಂದ್ರು. ನಾನು ಇಸ್ಕೊಂಡೆ."

"ಸೇವೆ ಅಂತ ಮಾಡಿದ್ದು ನೀನು."

"ಬೇರೆಯವರ ಮನೆ ಹೂವು ಕಿತ್ತು ನಾವು ಪೂಜೆ ಮಾಡಿದ ಹಾಗಾಯ್ತಲ್ಲ."

"ದೊಡ್ಡ ಮಾತಾಡಬೇಡ," ಎಂದರು ಅವರು. ಸಿಟ್ಟಿನ ಮಾತಾದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಬತ್ತಿ ಹೊಸೆದು, ಅವಳ ಮುಖ ನೋಡದೆ ಹೇಳಿದರು: "ಹೇಳಿದ್ರೆ ಅವರು ಮತ್ತೆ ನಮ್ಮ ಮಂದಿರಕ್ಕೆ ಬರಲ್ಲ. ಅಷ್ಟು ಯೋಚನೆ ಮಾಡು. ಎಂಬತ್ತು ವರ್ಷದವನು ನಾನು, ಶನಿವಾರ ಅಂತ ಒಂದಿದೆ ನಂಗೆ."

ಅವಳಿಗೂ ಅದೇ ಭಯ. ಸತ್ಯ ಹೇಳಿದರೆ ಆ ದನಿ ಇನ್ನು ಕೇಳಲು ಸಿಗುವುದಿಲ್ಲ. ವಾರವೆಲ್ಲ ಅವಳು ಪೂಜೆಗೆ ಕೂತಾಗ ದೇವರನ್ನು ಏನೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಮುಖವಿರಲಿಲ್ಲ.

ಶನಿವಾರ ಬಂತು. ಮಂದಿರದ ಗಾಳಿ ಊರಿನ ಗಾಳಿಯಂತೆಯೇ ಇತ್ತು. ಒಳಗೆ ಬಂದವರು ಮೂಗು ಉಜ್ಜಿಕೊಂಡರು. ಯಾರೋ ಎದ್ದು ಕಿಟಕಿಗಳನ್ನು ಹಾಕಿದರು. ಆರಾಧ್ಯರು ಒಬ್ಬರೇ ಬಂದಿದ್ದರು.

"ಮಗಳು?" ಎಂದು ಶ್ರೀಕಂಠಯ್ಯ ಕೇಳಿದ್ದಕ್ಕೆ, "ಇವತ್ತು ಆಗಲ್ಲ ಅಂದ್ಲು," ಎಂದು ಪೀಠದ ಮೇಲೆ ಕೂತರು.

ಹೆಸರು ಓದುವುದು ಶುರುವಾಯಿತು. ಹೂವು, ಎಣ್ಣೆ, ಪಾನಕ. ಒಬ್ಬೊಬ್ಬರೇ ಎದ್ದು ಹೂವು ಪಡೆದು ಕೂತರು. ಶ್ರೀಕಂಠಯ್ಯ ಪಾನಕದವರ ಹೆಸರಿಗೇ ನಿಲ್ಲಿಸಿ, ಕೈಮುಗಿದು, "ಇನ್ನು ಕಾವ್ಯ ನಡೀಲಿ" ಎಂದರು.

"ವಾಯುಸೇವೆ ಬಿಟ್ಟುಹೋಯ್ತಲ್ಲ ರಾಯರೇ," ಹಿಂದಿನಿಂದ ಯಾರೋ ಅಂದರು.

ಶ್ರೀಕಂಠಯ್ಯ ಹೆಸರಿನ ಪಟ್ಟಿಯನ್ನು ಮಡಿಸಿದರು. ಆರಾಧ್ಯರ ಕೈಯಲ್ಲಿ ಆಗಲೇ ಒಂದು ಸೇವಂತಿಗೆ ಇತ್ತು. ಮೇದಿನಿ ಎದ್ದು ನಿಂತಳು.

"ಆ ಸೇವೆ ನಂದಲ್ಲ," ಎಂದಳು. "ಇಲ್ಲಿನ ಧೂಳು ತೆಗೆದು ಸೋಮನಕುಂಟೆ ಮೇಲೆ ಹಾಕ್ತಿದ್ದೆ. ಎಲ್ಲಿಗೆ ಹೋಗುತ್ತೆ ಅಂತ ನೋಡಿರಲಿಲ್ಲ. ನೋಡಬಹುದಿತ್ತು. ಶನಿವಾರ ನಿಮ್ಮ ಬೀದೀಲಿ ಬೀಳ್ತಿದ್ದ ಕಪ್ಪು ಇಲ್ಲಿಂದ ಹೋಗಿದ್ದು."

ಕೂತವರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಲಿಲ್ಲ. ಎಲ್ಲರೂ ಜಮಖಾನದ ಗೆರೆಗಳನ್ನು ನೋಡಿದರು. ಈ ಗಾಳಿಯನ್ನು ಕುಡಿದವರು ಅವರೂ.

ಆರಾಧ್ಯರು ಕೇಳಿದ್ದು ಒಂದೇ: "ಎಷ್ಟು ಹೊತ್ತಿಗೆ ಹಾಕ್ತಿದ್ರಿ?"

"ನೀವು ಕಾವ್ಯ ಎತ್ತಿಕೊಳ್ಳೋ ಹೊತ್ತಿಗೆ."

ಅವರು ಕೈಯಲ್ಲಿದ್ದ ಹೂವನ್ನು ನೋಡಿದರು. ಅದನ್ನು ಕೊಡಲೂ ಇಲ್ಲ, ಎಸೆಯಲೂ ಇಲ್ಲ, ಪುಸ್ತಕದ ಪಕ್ಕದಲ್ಲಿಟ್ಟರು. "ಅವಳಿಗೆ ನಾನೇ ಹೇಳಿದ್ದೆ," ಎಂದರು, ಯಾರಿಗೂ ಅಲ್ಲದ ಹಾಗೆ. "ಎದೆ ತುಂಬ ಎಳ್ಕೋ, ಕಂಜೂಸು ಮಾಡಬೇಡ ಅಂತ."

ಆಮೇಲೆ ಕಿಟಕಿಗಳತ್ತ ಕೈ ತೋರಿಸಿದರು. "ತೆಗೀರಿ. ಯಾಕೆ ಹಾಕ್ಕೊಂಡು ಕೂತಿದ್ದೀರಿ?"

ಕಿಟಕಿಗಳು ತೆರೆದುಕೊಂಡವು. ಹೊರಗಿನ ಗಾಳಿ, ಸುಟ್ಟ ರಬ್ಬರಿನ ವಾಸನೆ ಹೊತ್ತು, ದೀಪಗಳನ್ನು ಅಲುಗಿಸಿತು. ಆರಾಧ್ಯರು ಜೇಬಿನಿಂದ ಫೋನು ತೆಗೆದು ಮಗಳನ್ನು ಕರೆದರು.

"ಎಲ್ಲಿದ್ದೀಯಮ್ಮ?"

"ತಾರಸಿ ಮೇಲೆ ಅಪ್ಪ." ದನಿ ಮಂದಿರಕ್ಕೆಲ್ಲ ಕೇಳಿತು. "ಇವತ್ತು ಏನೂ ಬಿದ್ದೇ ಇಲ್ಲ. ಪುಟ್ಟಲಕ್ಷ್ಮಮ್ಮ ಎಳ್ಳುಬತ್ತಿ ಫಲಿಸ್ತು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರು."

ಯಾರೂ ನಗಲಿಲ್ಲ. "ಸರಿ," ಎಂದರು ಆರಾಧ್ಯರು. "ಇವತ್ತು ನಿನ್ನ ವಾಚನ ಅಂತ ಹೇಳಿದ್ದೆ ಇವರಿಗೆ. ಎಲ್ಲರೂ ಕೇಳ್ತಿದ್ದಾರೆ. ಅಲ್ಲಿಂದಲೇ ಎತ್ತಿಕೋ."

"ಆರನೇದು ಆಗಲ್ಲ ಅಪ್ಪ."

"ಆಗೋ ಅಷ್ಟು ಹೇಳು."

ಫೋನನ್ನು ಪೀಠದ ಮೇಲಿಟ್ಟು ತಾವು ಕೆಳಗಿಳಿದು ಜಮಖಾನದ ಮೇಲೆ ಕೂತರು. ಮೇದಿನಿ ನಿಂತೇ ಇದ್ದಳು. ಅವರು ಅವಳ ಕಡೆ ನೋಡಲಿಲ್ಲ.

ಉಮಾಕ್ಷಿ ಎತ್ತಿಕೊಂಡಳು. ಕಾಡಿನ ದಾರಿಯಲ್ಲಿ ನೀರಡಿಸಿದವರ ಪದ್ಯ. ತಂದೆಯ ದನಿಯದೇ ಅಚ್ಚು, ಇನ್ನೂ ಎಳೆಯದು. ಎರಡು ಗಿಡ್ಡ ಸಾಲುಗಳು ನೀರಿನ ಮೇಲೆ ನಡೆದಂತೆ ಬಂದವು. ಮೂರನೆಯದು ಕೊನೆಯಲ್ಲಿ ತೆಳುವಾಯಿತು, ದಾಟಿತು. ನಾಲ್ಕು, ಐದು. ಆಮೇಲೆ ಅವಳು ಉಸಿರು ತುಂಬಿಕೊಂಡದ್ದು ಕೇಳಿಸಿತು. ತೂತು ಬಿದ್ದ ತಿದಿ ಊದಿದಂಥ ಸದ್ದು. ಆರನೆಯ ಸಾಲು ಹೊರಟು, ಏರಿ, ನಡುವೆ ಮುರಿಯಿತು.

ಉಳಿದದ್ದು ನಾಲ್ಕೇ ಮಾತು. ಮೇದಿನಿಗೆ ಅವು ಬಾಯಿಪಾಠ. ಅಲ್ಲಿ ಕೂತ ಎಲ್ಲರಿಗೂ ಬಾಯಿಪಾಠ. ಗಮಕಿಯ ಉಸಿರು ಮುಗಿದಲ್ಲಿ ಇವರ ಉಸಿರು ಶುರುವಾಗಬೇಕು. ಮೇದಿನಿಯ ತುಟಿ ತೆರೆಯಿತು. ಒಳಗಿನ ಗಾಳಿ ಯಾರದ್ದು ಎಂದು ನೆನಪಾಗಿ ಮುಚ್ಚಿತು. ಶ್ರೀಕಂಠಯ್ಯನವರ ಗಂಟಲು ಒಮ್ಮೆ ಅಲುಗಿ ನಿಂತಿತು. ಮಂದಿರದಲ್ಲಿ ಒಬ್ಬರೂ ದನಿಗೂಡಿಸಲಿಲ್ಲ.

ಫೋನಿನಲ್ಲಿ ಕೆಮ್ಮು ಕೇಳಿತು. ಆಮೇಲೆ ಉಮಾಕ್ಷಿ, "ಮತ್ತೆ ಹೇಳ್ತೀನಿ," ಎಂದು ಅದೇ ಸಾಲನ್ನು ಮೊದಲಿನಿಂದ ಹಿಡಿದಳು. ಅದೇ ಕಡೆ ಮುರಿಯಿತು. ಮತ್ತೆ ಹಿಡಿದಳು.

ಆರಾಧ್ಯರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸುತ್ತಿದ್ದರು. ಸಾಲು ಮುರಿದ ಮೇಲೂ ಬೆರಳು ಎಣಿಸುತ್ತ ಹೋಗಿ ಕೊನೆ ಮುಟ್ಟಿ ನಿಲ್ಲುತ್ತಿತ್ತು. ಪೀಠದ ಮೇಲೆ ಪುಸ್ತಕ, ಫೋನು, ಕೊಡದೆ ಉಳಿದ ಹೂವು. ಮೇದಿನಿ ನಿಂತಿದ್ದಳು. ಕೂತ್ಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ.